ಎಲೆಕ್ಟ್ರಿಕ್ ಗಿಟಾರ್ ತಗೊಳ್ಳುವ ಮೊದಲು ಪಿಕಪ್ ನೋಡಿ

ಪ್ರಶ್ನೆ: ಸರ್, ನಾನು ಬದಿಯಡ್ಕದವನು, ಡಿಗ್ರಿ ಓದುತ್ತಿದ್ದೇನೆ. ಅಕೌಸ್ಟಿಕ್ ಗಿಟಾರ್ ಸಾಧಾರಣ ಚೆನ್ನಾಗಿ ನುಡಿಸುತ್ತೇನೆ. ಈಗ ಒಂದು ಗಾನಮೇಳ ತಂಡದವರು ಎಲೆಕ್ಟ್ರಿಕ್ ಗಿಟಾರ್ ಇದ್ದರೆ ಬಾ ಅಂದಿದ್ದಾರೆ. ಮಂಗಳೂರಿನ ಅಂಗಡಿಯಲ್ಲಿ ಸ್ಟ್ರಾಟ್, ಲೆಸ್ ಪಾಲ್, ಸೆಮಿ ಹಾಲೋ, ಹಂಬಕರ್ ಅಂತೆಲ್ಲ ಹೇಳಿದರು, ಒಂದೂ ಅರ್ಥ ಆಗಲಿಲ್ಲ. ಯಾವುದು ತಗೊಳ್ಳಲಿ?

ಉತ್ತರ: ಟ್ಯೂನಿಂಗ್ ಕೀ, ನಟ್, ಫ್ರೆಟ್, ನೆಕ್ ಎಲ್ಲ ನಿಮಗೆ ಗೊತ್ತಿರುವುದೇ, ಅದರಲ್ಲಿ ಹೊಸತು ಏನೂ ಇಲ್ಲ. ಹೊಸತು ಇರುವುದು ತಂತಿಯ ಕೆಳಗೆ. ಅದೇ ಪಿಕಪ್. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಪೂರದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ಸ್ಟ್ರಿಂಗ್ ನಡುಗಿದಾಗ ಆ ಸುರುಳಿಯಲ್ಲಿ ಸಣ್ಣ ಕರೆಂಟು ಹುಟ್ಟುತ್ತದೆ, ಅದನ್ನು ದೊಡ್ಡದು ಮಾಡುವುದು ಆಂಪ್. ಹಾಗಾಗಿ ನೈಲಾನ್ ಸ್ಟ್ರಿಂಗ್ ಹಾಕಿದರೆ ಪಿಕಪ್‌ಗೆ ಏನೂ ಕೇಳಿಸುವುದಿಲ್ಲ.

ಒಂದೇ ಸುರುಳಿ ಇದ್ದರೆ ಸಿಂಗಲ್ ಕಾಯಿಲ್. ನಾದ ತೆಳು, ಸ್ಪಷ್ಟ, ಮಿಂಚಿದ ಹಾಗೆ ಬರುತ್ತದೆ, ಆದರೆ ಮನೆಯ ಕರೆಂಟಿನ ಗುಂಯ್ ಶಬ್ದವನ್ನೂ ಹಿಡಿದು ತರುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ಎಂಜಿನಿಯರ್ 1955ರಲ್ಲಿ ಇದಕ್ಕೊಂದು ಉಪಾಯ ಮಾಡಿದರು. ಎರಡು ಸುರುಳಿ ಅಕ್ಕಪಕ್ಕ ಇಟ್ಟು, ಒಂದರ ಸುತ್ತನ್ನೂ ಅಯಸ್ಕಾಂತದ ದಿಕ್ಕನ್ನೂ ಉಲ್ಟಾ ಮಾಡಿದರೆ, ಹೊರಗಿನ ಗುಂಯ್ ಒಂದಕ್ಕೊಂದು ಕಳೆದುಹೋಗುತ್ತದೆ, ಸ್ಟ್ರಿಂಗಿನ ನಾದ ಮಾತ್ರ ಕೂಡಿ ಗಟ್ಟಿಯಾಗುತ್ತದೆ. ಅದೇ ಹಂಬಕರ್. ನಾದ ದಪ್ಪ, ಡಿಸ್ಟಾರ್ಷನ್ (ಬೇಕೆಂದೇ ನಾದವನ್ನು ಒರಟು ಮಾಡುವ ಎಫೆಕ್ಟ್) ಹಾಕಿದರೂ ಚೆದುರುವುದಿಲ್ಲ.

ಪಿಕಪ್ ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಬ್ರಿಜ್ (ಬಾಡಿಯ ಮೇಲೆ ಸ್ಟ್ರಿಂಗ್ ಕೂರುವ ಭಾಗ) ಹತ್ತಿರದ್ದು ಹರಿತ, ನೆಕ್ ಹತ್ತಿರದ್ದು ದುಂಡು. ಬಾಡಿಯ ಮೇಲಿನ ಸ್ವಿಚ್ ಇರುವುದು ಇವುಗಳಲ್ಲಿ ಯಾವುದು ಬೇಕೋ ಅದನ್ನು ಆರಿಸುವುದಕ್ಕೆ.

ಇನ್ನು ಹೆಸರುಗಳ ವಿಷಯ. ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ, ಆದರೂ ಅವರ ಕಂಪನಿ 1954ರಲ್ಲಿ ತಂದ ಸ್ಟ್ರಾಟೋಕಾಸ್ಟರ್‌ನ ಆಕಾರವನ್ನೇ ಇವತ್ತಿಗೂ ಅರ್ಧ ಲೋಕ ನಕಲು ಮಾಡುತ್ತಿದೆ. ಮೂರು ಸಿಂಗಲ್ ಕಾಯಿಲ್, ಬೋಲ್ಟ್ ಹಾಕಿದ ನೆಕ್. ಲೆಸ್ ಪಾಲ್ 1952ರ ಗಿಬ್ಸನ್ ಮಾದರಿ. ನೆಕ್ ಅಂಟಿಸಿರುತ್ತಾರೆ, ಭಾರ ಜಾಸ್ತಿ, ಈಗ ಹೆಚ್ಚಾಗಿ ಎರಡು ಹಂಬಕರ್ ಬರುತ್ತದೆ. ಎರಡೂ ಗಟ್ಟಿ ಮರದ್ದು. ನಟ್‌ನಿಂದ ಬ್ರಿಜ್‌ವರೆಗೆ ಸ್ಟ್ರಿಂಗಿನ ಉದ್ದ ಸ್ಟ್ರಾಟ್‌ನಲ್ಲಿ 25.5 ಇಂಚು, ಲೆಸ್ ಪಾಲ್‌ನಲ್ಲಿ ಸುಮಾರು 24.75, ಹಾಗಾಗಿ ಲೆಸ್ ಪಾಲ್‌ನಲ್ಲಿ ಸ್ಟ್ರಿಂಗ್ ಎಳೆಯುವುದು ಸ್ವಲ್ಪ ಸಲೀಸು. ಸೆಮಿ ಹಾಲೋ ಅಂದರೆ ನಡುವೆ ಗಟ್ಟಿ ಮರ, ಎರಡು ಬದಿ ಟೊಳ್ಳು. ಚಂದದ ನಾದ, ಆದರೆ ದೊಡ್ಡ ಸ್ಪೀಕರ್ ಪಕ್ಕ ನಿಂತರೆ ಗಟ್ಟಿ ಮರದ್ದಕ್ಕಿಂತ ಬೇಗ ಕೂಗಲು ಶುರು ಮಾಡುತ್ತದೆ.

ಗಾನಮೇಳದಲ್ಲಿ ಒಂದು ಹಾಡು ಹಳೆಯ ಮೆಲೊಡಿ, ಮುಂದಿನದ್ದು ಡಪ್ಪಾಂಕುತ್ತು, ಅಲ್ವಾ? ಹಾಗಾಗಿ ನನ್ನ ಮಾತು ಕೇಳುವುದಾದರೆ ಸ್ಟ್ರಾಟ್ ಆಕಾರದ್ದು, ಬ್ರಿಜ್ ಹತ್ತಿರ ಹಂಬಕರ್, ಉಳಿದೆರಡು ಸಿಂಗಲ್ ಕಾಯಿಲ್ ಇರುವುದನ್ನು ತಗೊಳ್ಳಿ. ಅಂಗಡಿಯಲ್ಲಿ ಎಚ್‌ಎಸ್‌ಎಸ್ ಅಂತ ಕೇಳಿ. ಸ್ಪ್ರಿಂಗಿನ ಬಲದಲ್ಲಿ ಅಲುಗಾಡುವ ಫ್ಲಾಯ್ಡ್ ರೋಸ್ ಬ್ರಿಜ್ ಇರುವುದು ಸದ್ಯಕ್ಕೆ ಬೇಡ, ಒಂದು ಸ್ಟ್ರಿಂಗ್ ತುಂಡಾದರೆ ಆರೂ ಶ್ರುತಿ ತಪ್ಪುತ್ತವೆ, ಸ್ಟೇಜಿನಲ್ಲಿ ಅದು ದೊಡ್ಡ ಕಷ್ಟ.

ಇರುವ ದುಡ್ಡೆಲ್ಲ ಗಿಟಾರಿಗೇ ಸುರಿಯಬೇಡಿ. ಗಿಟಾರನ್ನು ಸೀದಾ ಮಿಕ್ಸರ್‌ಗೆ ಚುಚ್ಚಿದರೆ ನಾದ ಸತ್ತುಹೋಗುತ್ತದೆ. ಒಂದು ಸಾಧಾರಣ ಪ್ರೊಸೆಸರ್ (ಆಂಪಿನ ನಾದವನ್ನೂ ಎಫೆಕ್ಟ್‌ಗಳನ್ನೂ ಕೊಡುವ ಪೆಟ್ಟಿಗೆ) ಇದ್ದರೆ ಅದರಿಂದ ಮಿಕ್ಸರ್‌ಗೆ ಕೊಡಬಹುದು, ಆಂಪ್ ಹೊತ್ತುಕೊಂಡು ತಿರುಗುವುದು ತಪ್ಪುತ್ತದೆ. ಮತ್ತೆ ನಮ್ಮ ಈ ಕರಾವಳಿಯ ಗಾಳಿಗೆ ಸ್ಟ್ರಿಂಗ್ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಲೇಬೇಕು.

ಪ್ರಶ್ನೆ: ಉಪ್ಪಳದಿಂದ ಬರೆಯುತ್ತಿದ್ದೇನೆ. ಮಗನ ಗಿಟಾರ್ ಆಂಪ್‌ಗೆ ಹಾಕಿದರೆ ಗುಂಯ್ ಅನ್ನುತ್ತದೆ, ಸ್ಟ್ರಿಂಗ್ ಮುಟ್ಟಿದರೆ ನಿಲ್ಲುತ್ತದೆ. ಮೊನ್ನೆ ಬರಿಗಾಲಲ್ಲಿ ನುಡಿಸುವಾಗ ಕೈ ಜುಮ್ ಅಂದಿತಂತೆ. ಹೆದರಬೇಕಾ?

ಉತ್ತರ: ಅಮ್ಮಾ, ಇವು ಎರಡು ಬೇರೆ ವಿಷಯ. ಮುಟ್ಟಿದಾಗ ಗುಂಯ್ ನಿಂತರೆ ಹೆದರಬೇಡಿ, ಹೆಚ್ಚಿನ ಗಿಟಾರುಗಳಲ್ಲಿ ಇದು ಇರುವುದೇ. ತುಂಬಾ ಜೋರಿದ್ದರೆ ಒಳಗೆ ತಾಮ್ರದ ಹಾಳೆ ಅಂಟಿಸಿ ಕಡಿಮೆ ಮಾಡಬಹುದು.

ಕೈ ಜುಮ್ ಅಂದದ್ದನ್ನು ಮಾತ್ರ ಸುಮ್ನೆ ಬಿಡಬೇಡಿ. ಸ್ಟ್ರಿಂಗು ಕೇಬಲ್ ಮೂಲಕ ಆಂಪ್‌ನ ಲೋಹದ ಚಾಸಿಗೆ ಸೇರಿರುತ್ತದೆ. ಆಂಪ್‌ನಲ್ಲಿ ಕರೆಂಟು ಸೋರಿ, ಪ್ಲಗ್ ಪಾಯಿಂಟಿಗೆ ಅರ್ತ್ ಇಲ್ಲದಿದ್ದರೆ ಅದು ನೇರ ಮಗನ ಕೈಗೇ ಬರುತ್ತದೆ. ಇವತ್ತೇ ಪ್ಲಗ್ ತೆಗೆದಿಡಿ. ಇಲೆಕ್ಟ್ರಿಷಿಯನ್ ಕರೆಸಿ ಅರ್ತ್ ನೋಡಿಸಿ, ಆಂಪನ್ನೂ ಪರೀಕ್ಷೆ ಮಾಡಿಸಿ, ಮನೆಗೆ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ. ಗುಂಯ್ ಕಡಿಮೆ ಆಗುತ್ತದೆ ಅಂತ ಪ್ಲಗ್‌ನ ಮೂರನೇ ಪಿನ್ ತೆಗೆಯುವವರಿದ್ದಾರೆ, ಅದನ್ನು ಯಾವ ಕಾರಣಕ್ಕೂ ಮಾಡಲು ಬಿಡಬೇಡಿ. ಮಗ ಹಾಡುತ್ತಾ ನುಡಿಸುವುದಾದರೆ ಮೈಕಿನ ಸೆಟ್ಟಿಗೂ ಆಂಪಿಗೂ ಅರ್ತ್ ಸರಿಯಿರುವ ಒಂದೇ ಬೋರ್ಡಿನಿಂದ ಕರೆಂಟು ತಗೊಳ್ಳಲು ಹೇಳಿ.