ಓದುಗರ ಪ್ರಶ್ನೆ: ಹಿಂದೆ ಎಂಜಿನ್, ಮುಂದೆ ಡಿಕ್ಕಿ ಇದ್ದ ಕೋರ್ವೇರ್

ಪ್ರಶ್ನೆ: ಅಮೆರಿಕದ ಷೆವ್ರೊಲೆ ಕೋರ್ವೇರ್ ತಿರುವಿನಲ್ಲಿ ಪಲ್ಟಿ ಹೊಡೆಯುತ್ತಿತ್ತು, ಎಂಜಿನ್ ಹಿಂದಿದ್ದದ್ದೇ ಕಾರಣ ಎಂದು ಓದಿದ್ದೇನೆ. ನಮ್ಮ ನ್ಯಾನೋ ಎಂಜಿನ್ನೂ ಹಿಂದೆಯೇ ಇತ್ತಲ್ಲ? (ಓದುಗರು, ಹುಬ್ಬಳ್ಳಿ)

ಉತ್ತರ: ಎಂಜಿನ್ ಇದ್ದ ಜಾಗ ಅರ್ಧ ಕಾರಣ ಮಾತ್ರ. 1959ರ ಅಕ್ಟೋಬರ್ 2ರಂದು ಮಾರಾಟಕ್ಕೆ ಬಂದ ಕೋರ್ವೇರ್, ಷೆವ್ರೊಲೆ ಮುಖ್ಯಸ್ಥ ಎಡ್ ಕೋಲ್ ಪಟ್ಟು ಹಿಡಿದು ಮಾಡಿಸಿದ ಕಾರು. ಆರು ಸಿಲಿಂಡರಿನ ಏರ್‌ಕೂಲ್ಡ್ ಅಲ್ಯೂಮಿನಿಯಂ ಎಂಜಿನ್ ಹಿಂದಿನ ಆಕ್ಸಲ್‌ನಿಂದಲೂ ಆಚೆ ಕೂತಿತ್ತು. ಹಾಗಾಗಿ ಕಾರಿನ ಭಾರದಲ್ಲಿ ಶೇ. 60ಕ್ಕೂ ಹೆಚ್ಚು ಹಿಂದಿನ ಚಕ್ರಗಳ ಮೇಲೆಯೇ ಬೀಳುತ್ತಿತ್ತು.

ಉಳಿದರ್ಧ ಸ್ವಿಂಗ್ ಆಕ್ಸಲ್‌ನದು. 1960ರಿಂದ 63ರವರೆಗಿನ ಮಾಡೆಲ್‌ಗಳಲ್ಲಿ ಹಿಂದಿನ ಪ್ರತಿ ಆಕ್ಸಲ್‌ಗೂ ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎರಡು ಚಕ್ರಗಳಿಗೆ ಹಂಚುವ ಗೇರುಗಳು) ಪಕ್ಕದಲ್ಲಿ ಒಂದೇ ಜಾಯಿಂಟ್. ಚಕ್ರದ ಕಡೆ ಜಾಯಿಂಟ್ ಇಲ್ಲ. ವೇಗವಾಗಿ ತಿರುಗುವಾಗ ಚಾಲಕ ತಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಮೇಲೇಳುತ್ತದೆ. ಆಗ ತಿರುವಿನ ಹೊರಬದಿಯ ಚಕ್ರ ಒಳಕ್ಕೆ ಮಡಚಿಕೊಂಡು, ಟೈರ್ ಅಂಚಿನ ಮೇಲೆ ನಿಲ್ಲುತ್ತದೆ. ಹಿಡಿತ ತಪ್ಪುವುದು ಆ ಗಳಿಗೆಯಲ್ಲಿ.

ಇದು ಕಂಪನಿಗೆ ಗೊತ್ತಿತ್ತು. ಪರಿಹಾರವೆಂದು ಅದು ಆರಿಸಿಕೊಂಡದ್ದು ಟೈರ್ ಗಾಳಿ: ಟೈರ್ ತಣ್ಣಗಿರುವಾಗ ಮುಂದೆ 15 ಪಿಎಸ್‌ಐ, ಹಿಂದೆ 26. ಮುಂದಿನ ಟೈರ್ ಮೆತ್ತಗಿದ್ದರೆ ಅದೇ ಮೊದಲು ಜಾರುತ್ತದೆ, ಹಿಂಭಾಗ ಬೀಸುವುದು ತಪ್ಪುತ್ತದೆ. ಲೆಕ್ಕ ಸರಿಯೇ. ಆದರೆ ಪೆಟ್ರೋಲ್ ಬಂಕಿನಲ್ಲಿ 15 ಇರುವ ಟೈರ್ ಕಂಡವರು ಗಾಳಿ ಕಮ್ಮಿ ಎಂದು ನಾಲ್ಕಕ್ಕೂ ಒಂದೇ ಸಮ ತುಂಬಿ ಕಳಿಸುವುದು ಸಹಜ. ಅಲ್ಲಿಗೆ ಇಡೀ ಪರಿಹಾರ ಹೋಯಿತು. ಮುಂದಿನ ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು) ಒಂದನ್ನು ಖರ್ಚು ಉಳಿಸಲು ಕೈಬಿಟ್ಟು, ಸುರಕ್ಷತೆಯನ್ನು ಗಾಳಿ ತುಂಬುವವರ ಕೈಗೆ ಕೊಟ್ಟದ್ದೇ ಈ ಕಾರಿನ ನಿಜವಾದ ತಪ್ಪು. 1964ರಲ್ಲಿ ಆ ಬಾರ್ ಬಂತು, ಹಿಂದೆ ಅಡ್ಡಲಾಗಿ ಒಂದು ಪಟ್ಟಿ ಸ್ಪ್ರಿಂಗ್ ಸೇರಿತು. 1965ರಲ್ಲಿ ಸ್ವಿಂಗ್ ಆಕ್ಸಲ್ಲನ್ನೇ ತೆಗೆದು, ಆಕ್ಸಲ್‌ಗೆ ಎರಡೂ ತುದಿಯಲ್ಲಿ ಜಾಯಿಂಟ್ ಇರುವ ಸಸ್ಪೆನ್ಷನ್ ಕೊಟ್ಟರು. ಈ ಎರಡನೇ ಪೀಳಿಗೆಯ ಕೋರ್ವೇರ್ ಓಡಿಸಲು ಬಹಳ ಸೊಗಸಾದ ಕಾರು.

ನ್ಯಾನೋಗೆ ಸ್ವಿಂಗ್ ಆಕ್ಸಲ್ ಇರಲಿಲ್ಲ. ಹಿಂದಿನ ಟೈರ್ 155 ಮಿ.ಮೀ., ಮುಂದಿನದು 135 ಮಿ.ಮೀ. ಅಗಲ. ಮುಂದಿನ ಟೈರ್ ಮೊದಲು ಜಾರಲಿ ಎಂಬುದೇ ಅಲ್ಲಿಯೂ ಉದ್ದೇಶ. ಆದರೆ ಟೈರಿನ ಅಗಲವನ್ನು ಬಂಕಿನಲ್ಲಿ ಯಾರೂ ಬದಲಿಸಲಾರರು.

ಪ್ರಶ್ನೆ: ಕಾರುಗಳ ಅಪಾಯಗಳ ಬಗ್ಗೆ ಅಮೆರಿಕದ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್ ಬರೆದ ಪುಸ್ತಕದಿಂದಲೇ ಕೋರ್ವೇರ್ ತಯಾರಿಕೆ ನಿಂತಿತೇ? (ಓದುಗರು, ಮೈಸೂರು)

ಉತ್ತರ: ಇಲ್ಲ. ಪುಸ್ತಕ ಬಂದದ್ದು 1965ರ ನವೆಂಬರ್‌ನಲ್ಲಿ. ಈ ಕಾರಿನ ಮೇಲೆ ಹೊಸ ಕೆಲಸ ಬೇಡ ಎಂದು ಷೆವ್ರೊಲೆಯ ಒಡೆತನದ ಕಂಪನಿ ಜನರಲ್ ಮೋಟರ್ಸ್ ಅದೇ ವರ್ಷದ ಏಪ್ರಿಲ್‌ನಲ್ಲೇ ತೀರ್ಮಾನಿಸಿತ್ತು. 1964ರಲ್ಲಿ ಬಂದ ಫೋರ್ಡ್ ಮಸ್ಟಾಂಗ್ ಗಿರಾಕಿಗಳನ್ನು ಸೆಳೆದುಕೊಂಡಿತ್ತು. ಮಾರಾಟ ಬೇಗ ಕುಸಿದದ್ದಕ್ಕೆ ಪುಸ್ತಕದ ಪಾಲೂ ಇದೆ, ಅದನ್ನು ಅಲ್ಲಗಳೆಯಲಾಗದು. 1969ರಲ್ಲಿ ತಯಾರಾದದ್ದು ಬರೀ 6,000 ಕಾರು. 1960–63ರ ಮಾಡೆಲ್ ಆ ಕಾಲದ ಬೇರೆ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯಲ್ಲ ಎಂದು ಅಮೆರಿಕದ ಸರ್ಕಾರಿ ರಸ್ತೆ ಸುರಕ್ಷತಾ ಸಂಸ್ಥೆ ಪರೀಕ್ಷೆ ಮಾಡಿ ಹೇಳಿದ್ದು 1972ರಲ್ಲಿ.

ಪ್ರಶ್ನೆ: ಇಲ್ಲಿ 1963ರ ಕೋರ್ವೇರ್ ಮೊಂಜಾ ಒಂದು ಮಾರಾಟಕ್ಕಿದೆ. ಹೀಟರ್ ಹಾಕಿದರೆ ಎಣ್ಣೆ ವಾಸನೆ. ಕೊಳ್ಳಬಹುದೇ? (ಓದುಗರು, ಓಹಾಯೋ)

ಉತ್ತರ: ವಾಸನೆಯೊಂದೇ ತೊಂದರೆಯಾದರೆ ಧೈರ್ಯವಾಗಿ ಕೊಳ್ಳಿ. ಎಂಜಿನ್ ವಾಲ್ವ್ ತೆರೆಯುವ ಸರಳುಗಳು ಹಾದುಹೋಗುವ 12 ಪುಶ್‌ರಾಡ್ ಕೊಳವೆಗಳಿಗೆ ತಲಾ ಎರಡರಂತೆ 24 ಓ-ರಿಂಗ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಇರುತ್ತವೆ. ಹಳೆಯ ರಬ್ಬರ್ ಶಾಖಕ್ಕೆ ಗಟ್ಟಿಯಾಗಿ ಎಣ್ಣೆ ಬಿಡುತ್ತದೆ. ಹೀಟರಿಗೆ ಬರುವುದು ಎಂಜಿನ್ ತಣಿಸಿದ ಗಾಳಿಯೇ ಆದ್ದರಿಂದ ವಾಸನೆ ಒಳಗೆ ಬರುತ್ತದೆ. ಎಲ್ಲವನ್ನೂ ಒಟ್ಟಿಗೆ ಶಾಖ ತಾಳುವ ವೈಟಾನ್ ಓ-ರಿಂಗ್‌ಗೆ ಬದಲಿಸಿ. ವಾಲ್ವ್ ಒತ್ತುವ ರಾಕರ್ ತೋಳುಗಳ ಸ್ಟಡ್‌ಗಳೇ ಹೆಡ್ಡನ್ನೂ ಹಿಡಿದಿರುವುದರಿಂದ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಇಲ್ಲದೆ ಬಿಚ್ಚಬೇಡಿ.

ಫ್ಯಾನ್ ಬೆಲ್ಟ್ ಚೆನ್ನಾಗಿ ನೋಡಿ. ಎಂಜಿನ್ ಹಿಂದೆ ನಿಂತಿರುವ ಪುಲಿಯಿಂದ ಹೊರಟ ಬೆಲ್ಟ್, ಮೇಲೆ ಮಲಗಿರುವ ಫ್ಯಾನ್ ಪುಲಿಗೆ ಹೋಗುವಾಗ ತಿರುಚಿಕೊಳ್ಳುತ್ತದೆ. ಪುಲಿಯಲ್ಲಿ ತುಕ್ಕಿದ್ದರೆ, ಸಾಲು ತಪ್ಪಿದ್ದರೆ ಅದು ಹಾರಿಹೋಗುತ್ತದೆ. ಹಾರದಿರಲಿ ಎಂದು ವಿಪರೀತ ಬಿಗಿದರೆ ಫ್ಯಾನ್ ಬೇರಿಂಗ್ ಸವೆಯುತ್ತದೆ. ಡ್ಯಾಶ್‌ಬೋರ್ಡಿನ ‘ಜೆನ್-ಫ್ಯಾನ್’ ದೀಪ (ಜನರೇಟರ್, ಫ್ಯಾನ್ ತೊಂದರೆಯ ಸೂಚನೆ) ಹೊತ್ತಿದರೆ ಅಲ್ಲೇ ನಿಲ್ಲಿಸಿ. ತಣಿಸುವ ಗಾಳಿಯಿಲ್ಲದೆ ಓಡಿಸಿದರೆ ಅಲ್ಯೂಮಿನಿಯಂ ಹೆಡ್ಡಿನಿಂದ ವಾಲ್ವ್ ಸೀಟ್ ಕಳಚಿ ಬೀಳಬಹುದು. ಡಿಕ್ಕಿಯಲ್ಲಿ ಒಂದು ಹೊಸ ಬೆಲ್ಟ್, ಸ್ಪ್ಯಾನರ್ ಸದಾ ಇರಲಿ. ರೇಡಿಯಲ್ ಟೈರ್ ಹಾಕಿಸಿದ್ದರೂ ಹಿಂದಿಗಿಂತ ಮುಂದೆ ಗಾಳಿ ಕಡಿಮೆಯೇ ಇರಬೇಕು.

ಎಣ್ಣೆ ವಾಸನೆಯ ಜೊತೆ ಎಕ್ಸಾಸ್ಟ್ ಪ್ಯಾಕಿಂಗ್ ಕೂಡ ಪರೀಕ್ಷಿಸಿ. ಅದು ಸೋರಿದರೆ ಕಾರ್ಬನ್ ಮೊನಾಕ್ಸೈಡ್ ಅದೇ ಹೀಟರ್ ದಾರಿಯಲ್ಲಿ ಒಳಬರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ಪ್ಯಾಕಿಂಗ್ ಬದಲಿಸುವ ತನಕ ಚಳಿ ಎಷ್ಟಿದ್ದರೂ ಹೀಟರ್ ಹಾಕಬೇಡಿ.