ಶೆಡ್ಡಿನ ಜೀಪು, ಪಲ್ಪರ್‌ಗಳನ್ನು ಗುಜರಿಗೆ ಕೊಡುವ ಮೊದಲು

ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನಲ್ಲಿ ನಮಗೆ ಕಾಫಿ ತೋಟವಿದೆ. ತೀರಿಕೊಂಡ ತಂದೆಯವರ ಹೆಸರಿನಲ್ಲಿರುವ ಹಳೆಯ ಡೀಸೆಲ್ ಜೀಪು ಕೆಟ್ಟು ಶೆಡ್ಡಿನಲ್ಲಿ ನಿಂತಿದೆ. ಅದರ ಪಕ್ಕದಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ), ನೀರೆತ್ತುವ ಮೋಟಾರು, ಸ್ಪ್ರಿಂಕ್ಲರ್ ಪೈಪುಗಳು ಬಿದ್ದಿವೆ. ಗುಜರಿ ವ್ಯಾಪಾರಿಯೊಬ್ಬರು ಎಲ್ಲಕ್ಕೂ ಸೇರಿಸಿ ಒಂದೇ ಮೊತ್ತ ಹೇಳಿದ್ದು, ಜೀಪಿನ ಆರ್‌ಸಿ (ನೋಂದಣಿ ಪತ್ರ) ಬೇಕಿಲ್ಲ ಎನ್ನುತ್ತಿದ್ದಾರೆ. ಕೊಡಬಹುದೇ?
– ಓದುಗರೊಬ್ಬರು

ಉತ್ತರ: ದಯವಿಟ್ಟು ಹಾಗೆ ಕೊಡಬೇಡಿ. ಆರ್‌ಸಿ ಬೇಕಿಲ್ಲ ಎಂಬ ಮಾತೇ ನನಗೆ ಆತಂಕ ತಂದಿದೆ. ಜೀಪನ್ನು ತುಂಡು ತುಂಡು ಮಾಡಿದರೂ ಸಾರಿಗೆ ಇಲಾಖೆಯ ದಾಖಲೆಯಲ್ಲಿ ಅದು ನಿಮ್ಮ ತಂದೆಯವರ ವಾಹನವಾಗಿಯೇ ಉಳಿಯುತ್ತದೆ. ನಾಳೆ ಅದರ ನಂಬರ್ ಪ್ಲೇಟೋ ಚಾಸಿ ಸಂಖ್ಯೆಯೋ ಕಳವಿನ ಗಾಡಿಯೊಂದರ ಮೇಲೆ ಕಾಣಿಸಿಕೊಂಡರೆ ಪೊಲೀಸರು ವಿಚಾರಿಸಿಕೊಂಡು ಬರುವುದು ನಿಮ್ಮ ಮನೆಗೇ.

ಆದ್ದರಿಂದ ಮೊದಲು ಮಡಿಕೇರಿಯ ಪ್ರಾದೇಶಿಕ ಸಾರಿಗೆ ಕಚೇರಿಗೆ ಹೋಗಿ. ಮಾಲೀಕರು ತೀರಿಕೊಂಡಾಗ ವಾಹನವನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು ಫಾರಂ 31 ಇದ್ದು, ಅದನ್ನು ಮೂರು ತಿಂಗಳೊಳಗೆ ಸಲ್ಲಿಸಬೇಕೆಂಬ ನಿಯಮವಿದೆ. ಅವಧಿ ಮೀರಿದ್ದರೂ ಮರಣ ಪ್ರಮಾಣಪತ್ರ ಮತ್ತು ವಾರಸುದಾರಿಕೆಯ ದಾಖಲೆಗಳೊಂದಿಗೆ ಹೋಗಿ ಕೇಳಿ. ಸಾಲದ ನಮೂದು, ಬಾಕಿ ತೆರಿಗೆ ಇದ್ದರೆ ಅವನ್ನೂ ಆಗಲೇ ತೀರಿಸಿಕೊಳ್ಳಿ. ಆಮೇಲೆ, 2021ರ ನಿಯಮಗಳಡಿ ನೋಂದಾಯಿತವಾದ ವಾಹನ ಗುಜರಿ ಕೇಂದ್ರಕ್ಕೆ ಜೀಪನ್ನು ಒಪ್ಪಿಸಿದರೆ, ವಾಹನವನ್ನು ಗುಜರಿಗೆ ಒಪ್ಪಿಸಿದ್ದಕ್ಕೆ ಪುರಾವೆಯಾದ ಠೇವಣಿ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಡಿಪಾಸಿಟ್) ದೊರೆಯುತ್ತದೆ. ಅದನ್ನು ಜೋಪಾನವಾಗಿಡಿ, ಹೊಸ ವಾಹನ ಕೊಳ್ಳುವಾಗ ನೋಂದಣಿ ಶುಲ್ಕದ ವಿನಾಯಿತಿಗೆ ಅದೇ ಆಧಾರ. ವಾಹನ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾಲೀಕರು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಟ್ರ್ಯಾಕ್ಟರು ಮತ್ತು ಅದರ ಟ್ರೈಲರಿಗೂ ಇದೇ ಎಚ್ಚರಿಕೆ ಬೇಕು.

ಕೊಡಗಿನಲ್ಲಿ ಹಳೆಯ ಜೀಪಿಗೆ ಮನಸೋತವರು ಬಹಳ ಮಂದಿ ಇದ್ದಾರೆ. ಗುಜರಿಯೆಂದು ತೀರ್ಮಾನಿಸುವ ಮುನ್ನ ನಂಬಿಕೆಯ ಮೆಕ್ಯಾನಿಕ್ ಒಬ್ಬರಿಗೆ ಅದನ್ನು ತೋರಿಸಿ. ಜೀಪಾಗಿಯೇ ಮಾರುವುದಾದರೆ ಫಾರಂ 29 ಮತ್ತು 30ರ ಮೂಲಕ ಹೆಸರು ವರ್ಗಾವಣೆಯಾಗಲೇಬೇಕು.

ಉಳಿದ ಸಾಮಾನುಗಳಿಗೆ ಈ ಕಾಗದಪತ್ರಗಳ ತೊಡಕಿಲ್ಲ, ಆದರೆ ಒಟ್ಟು ಮೊತ್ತದ ವ್ಯಾಪಾರದಲ್ಲಿ ನೀವು ನಷ್ಟ ಅನುಭವಿಸುವುದು ಇಲ್ಲಿಯೇ. ಒಂದು ಅಯಸ್ಕಾಂತ ಹಿಡಿದು ಶೆಡ್ಡಿಗೆ ಹೋಗಿ. ಪಲ್ಪರಿನ ಎರಕದ ಮೈಗೆ ಅದು ಗಟ್ಟಿಯಾಗಿ ಅಂಟುತ್ತದೆ. ಹಳೆಯ ಪಲ್ಪರುಗಳ ಉರುಳೆಗೆ ಹೊದಿಸಿರುವ, ಹಣ್ಣು ಸುಲಿಯುವ ಗುಬ್ಬಿಗಳುಳ್ಳ ತಾಮ್ರದ ತಗಡಿಗೆ ಅಂಟುವುದಿಲ್ಲ. ಮೋಟಾರಿನ ಒಳಗಿನ ತಾಮ್ರದ ಸುರುಳಿ, ಶಿಲೀಂಧ್ರ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಿದ್ದ ಪಂಪಿನ ಹಿತ್ತಾಳೆ, ಅಲ್ಯೂಮಿನಿಯಂ ಪೈಪುಗಳು ಇವೆಲ್ಲಕ್ಕೂ ಕಬ್ಬಿಣಕ್ಕಿಂತ ಹೆಚ್ಚಿನ ದರವಿದೆ. ಪ್ರತಿಯೊಂದನ್ನೂ ಬೇರ್ಪಡಿಸಿ, ಬೇರೆ ಬೇರೆಯಾಗಿ ತೂಗಿಸಿ, ಕನಿಷ್ಠ ಇಬ್ಬರು ವ್ಯಾಪಾರಿಗಳಿಂದ ಕಿಲೋ ದರ ಕೇಳಿ. ಲಾರಿಯಲ್ಲಿ ಸಾಗಿಸುವುದಾದರೆ ಖಾಲಿ ಲಾರಿಯ ತೂಕವನ್ನೂ ತುಂಬಿದ ಲಾರಿಯ ತೂಕವನ್ನೂ ನಿಮ್ಮ ಕಣ್ಣೆದುರಿಗೇ ಹಾಕಿಸಿ ಚೀಟಿ ಪಡೆಯಿರಿ.

ಬ್ಯಾಟರಿಯನ್ನು ಮಾತ್ರ ಒಡೆಯಬೇಡಿ, ಅದರಲ್ಲಿ ಸೀಸವೂ ಆಮ್ಲವೂ ಇರುತ್ತವೆ. ಬ್ಯಾಟರಿ ಅಂಗಡಿಗೇ ಹಿಂದಿರುಗಿಸಿ. ಎಂಜಿನ್ ಮತ್ತು ಗೇರ್‌ಬಾಕ್ಸಿನ ಹಳೆಯ ಆಯಿಲನ್ನು ಮುಚ್ಚಳವಿರುವ ಡಬ್ಬಿಗೆ ಇಳಿಸಿಕೊಳ್ಳಿ. ಶೆಡ್ಡಿನ ನೆಲದಲ್ಲಿ ಚೆಲ್ಲಿದ ಆಯಿಲು ಜೂನಿನ ಮೊದಲ ಮಳೆಗೇ ತೋಟದ ತೋಡಿಗೆ ಇಳಿದು, ಅಲ್ಲಿಂದ ಹೊಳೆ ಸೇರುತ್ತದೆ.