ಸಸ್ಯದ ನಾರು ಗಾಜಿನ ನಾರಿನ ಜಾಗ ತುಂಬಬಲ್ಲದೇ?

ಪ್ರಶ್ನೆ: ಸೆಣಬಿನ ಗೋಣಿ ಬಟ್ಟೆಗೆ ಎಪಾಕ್ಸಿ ರಾಳ (ಗಟ್ಟಿಯಾಗುವ ಅಂಟಿನಂಥ ಪ್ಲಾಸ್ಟಿಕ್) ಸವರಿ ಹಲಗೆ ತಯಾರಿಸಿದೆವು. ಎಳೆದು ನೋಡಿದಾಗ ನಾರುಗಳು ತುಂಡಾಗುವ ಬದಲು ರಾಳದಿಂದ ಕಳಚಿಕೊಂಡು ಹೊರಬಂದವು. ನೀರಿನಲ್ಲಿಟ್ಟ ತುಂಡಿನ ಅಂಚು ಊದಿಕೊಂಡಿತು. ನಾರಿನ ಆಯ್ಕೆಯೇ ತಪ್ಪಾಯಿತೇ?
– ಎಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ಸೆಣಬನ್ನು ದೂರಬೇಡಿ. ನಾರು ಮುರಿಯದೆ ಕಳಚಿ ಬಂದಿದೆ ಎಂದರೆ ಅದರ ಬಲ ಬಳಕೆಯಾಗಲೇ ಇಲ್ಲ. ಸೋತದ್ದು ನಾರಿಗೂ ರಾಳಕ್ಕೂ ನಡುವಿನ ಬೆಸುಗೆ.

ಸಸ್ಯದ ನಾರಿನ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳಿವೆ (ಆಕ್ಸಿಜನ್–ಹೈಡ್ರೋಜನ್ ಜೋಡಿಗಳು). ಅವು ನೀರನ್ನು ಬರಮಾಡಿಕೊಳ್ಳುತ್ತವೆ. ಮುಟ್ಟಿದರೆ ಒಣಗಿದಂತೆ ಕಾಣುವ ಸೆಣಬಿನಲ್ಲೂ ಸುಮಾರು ಶೇ 12ರಷ್ಟು ತೇವ ಇರಬಹುದು. ರಾಳ ಗಟ್ಟಿಯಾಗುವಾಗ ಹೊಮ್ಮುವ ಶಾಖಕ್ಕೆ ಅದು ಆವಿಯಾಗಿ ಒಳಗೆ ಗುಳ್ಳೆಗಳನ್ನು ಉಳಿಸುತ್ತದೆ. ಜೊತೆಗೆ ಗೋಣಿ ಬಟ್ಟೆಯದೇ ಒಂದು ತೊಡಕು: ಸೆಣಬನ್ನು ಮೆದುಗೊಳಿಸಿ ನೂಲಲು ಎಣ್ಣೆ ಬೆರೆಸಿದ ದ್ರವ ಚಿಮುಕಿಸುತ್ತಾರೆ. ಆ ಎಣ್ಣೆಯ ಲೇಪ ಹಾಗೇ ಉಳಿದರೆ ರಾಳ ಹಿಡಿಯುವುದಾದರೂ ಹೇಗೆ? ಹೊಸೆದ ನೂಲಿನ ಒಳಗೂ ರಾಳ ಸರಿಯಾಗಿ ಇಳಿಯುವುದಿಲ್ಲ. ಮೇಲಾಗಿ ನೇಯ್ದ ಬಟ್ಟೆಯಲ್ಲಿ ಅರ್ಧದಷ್ಟು ನೂಲು ನೀವು ಎಳೆದ ದಿಕ್ಕಿಗೆ ಅಡ್ಡಲಾಗಿರುತ್ತದೆ. ಅದರಿಂದ ಬಲ ನಿರೀಕ್ಷಿಸುವಂತಿಲ್ಲ.

ಮೊದಲು ಬಟ್ಟೆಯನ್ನು ಮಾರ್ಜಕದಲ್ಲಿ ತೊಳೆಯಿರಿ. ಬಳಿಕ ಸುಮಾರು ಶೇ 5ರ ಸೋಡಿಯಂ ಹೈಡ್ರಾಕ್ಸೈಡ್ (ಕಾಸ್ಟಿಕ್ ಸೋಡಾ ಎಂಬ ಕ್ಷಾರ) ದ್ರಾವಣದಲ್ಲಿ ನೆನೆಸಿದರೆ ಮೇಣ ಮತ್ತು ನಾರಿನ ಎಳೆಗಳನ್ನು ಅಂಟಿಸಿ ಹಿಡಿದಿರುವ ಹೆಮಿಸೆಲ್ಯುಲೋಸ್, ಒಂದಿಷ್ಟು ಲಿಗ್ನಿನ್ ಕರಗಿ, ನಾರಿನ ಮೈ ತರಿತರಿಯಾಗುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಪ್ರಬಲ ದ್ರಾವಣ ಬಳಸಿದರೆ ಇನ್ನೂ ಒಳ್ಳೆಯದು ಎಂದುಕೊಳ್ಳಬೇಡಿ, ನಾರಿಗೆ ಬಲ ಕೊಡುವ ಸೆಲ್ಯುಲೋಸಿಗೇ ಪೆಟ್ಟು ಬೀಳುತ್ತದೆ. ಕ್ಷಾರ ಪೂರ್ತಿ ಹೋಗುವವರೆಗೆ ತೊಳೆದು, ಓವನ್‌ನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ, ತಡಮಾಡದೆ ರಾಳ ಹಾಕಿ. ನನ್ನನ್ನು ಕೇಳಿದರೆ, ದುಬಾರಿ ರಾಸಾಯನಿಕಗಳಿಗಿಂತ ಮೊದಲು ಗಮನ ಬೇಡುವುದು ಈ ಒಣಗಿಸುವ ಕೆಲಸವೇ. ಎಪಾಕ್ಸಿಯ ಜೊತೆ ಬಂಧ ಇನ್ನೂ ಬಿಗಿಯಾಗಬೇಕಿದ್ದರೆ ನಾರನ್ನೂ ರಾಳವನ್ನೂ ಬೆಸೆಯುವ ಸಿಲೇನ್ ಎಂಬ ರಾಸಾಯನಿಕ ಬಳಸಬಹುದು. ಎಪಾಕ್ಸಿಯ ಬದಲು ಪಾಲಿಪ್ರೊಪಿಲೀನ್ ಎಂಬ ಕಾಯಿಸಿ ಕರಗಿಸುವ ಪ್ಲಾಸ್ಟಿಕ್ ಬಳಸುವುದಾದರೆ, ಬೆಸುಗೆಗಾಗಿ ಮಲೇಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಾಲಿಪ್ರೊಪಿಲೀನನ್ನು ಸ್ವಲ್ಪ ಬೆರೆಸುತ್ತಾರೆ.

ಇನ್ನು ಇಂಥ ಹಲಗೆಗಳಲ್ಲಿ ಸಾಮಾನ್ಯವಾಗಿ ಬಳಸುವ ಗಾಜಿನ ನಾರಿನೊಂದಿಗೆ ಹೋಲಿಕೆ. ಗಾಜಿನ ನಾರಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.5 ಗ್ರಾಂ, ಅಗಸೆಯದು ಸುಮಾರು 1.5. ತೂಕಕ್ಕೆ ತಕ್ಕ ಬಿಗಿತದಲ್ಲಿ (ಹಿಗ್ಗದೆ, ಬಾಗದೆ ನಿಲ್ಲುವ ಗುಣ) ಒಳ್ಳೆಯ ಅಗಸೆ ನಾರು ಗಾಜಿಗೆ ಸರಿಸಾಟಿ. ಎಳೆತದ ಬಲದಲ್ಲಿ ಮಾತ್ರ ಗಾಜೇ ಮುಂದು. ತೆಂಗಿನ ನಾರಿನ ಕಥೆ ಬೇರೆ: ಅದರಲ್ಲಿ ಲಿಗ್ನಿನ್ ಹೆಚ್ಚು, ಸೆಲ್ಯುಲೋಸಿನ ಸೂಕ್ಷ್ಮ ಎಳೆಗಳು ನಾರಿನ ಉದ್ದಕ್ಕೆ ಹೆಚ್ಚು ಓರೆಯಾಗಿ ಸುತ್ತಿಕೊಂಡಿರುತ್ತವೆ. ಹಾಗಾಗಿ ಸ್ಪ್ರಿಂಗಿನಂತೆ ಹಿಗ್ಗುತ್ತದೆ, ಬಿಗಿತ ಕೊಡುವುದಿಲ್ಲ.

ಶಾಖದ ಮಿತಿಯನ್ನೂ ನೆನಪಿಡಿ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಸ್ಯದ ನಾರು ಕಂದುಗಟ್ಟಿ ಕೆಡತೊಡಗುತ್ತದೆ. ಸುಮಾರು 165 ಡಿಗ್ರಿಗೆ ಕರಗುವ ಪಾಲಿಪ್ರೊಪಿಲೀನ್ ಒಗ್ಗುತ್ತದೆ, 260ರ ಆಸುಪಾಸಿನಲ್ಲಿ ಕರಗುವ ನೈಲಾನ್ 66 ಒಗ್ಗುವುದಿಲ್ಲ.

ಕಾರಿನ ಬಾಗಿಲಿನ ಒಳಹಲಗೆಗಳಲ್ಲಿ ಇಂಥ ನಾರುಗಳು ಈಗಾಗಲೇ ನೆಲೆಯೂರಿವೆ. ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರಿನ ಹೊರಮೈಯನ್ನೇ ಹತ್ತಿಯ ನಾರು ಮತ್ತು ಫಿನಾಲಿಕ್ ರಾಳದಿಂದ ಮಾಡುತ್ತಿದ್ದರು. ಆದರೆ ಸದಾ ನೀರಿನಲ್ಲಿರುವ ಭಾಗಕ್ಕೆ, ಭಾರ ಹೊರುವ ಮುಖ್ಯ ಚೌಕಟ್ಟಿಗೆ ನಾನು ಇದನ್ನು ಸೂಚಿಸಲಾರೆ. ಎಪಾಕ್ಸಿಯಲ್ಲಿ ಹುದುಗಿದ ಸೆಣಬು ಮಣ್ಣಿನಲ್ಲಿ ಕೊಳೆಯುತ್ತದೆ ಎಂದು ವರದಿಯಲ್ಲಿ ಬರೆಯಲೂಬೇಡಿ, ಎಪಾಕ್ಸಿ ಕೊಳೆಯುವುದಿಲ್ಲ.

ಊದಿದ ಅಂಚಿಗೆ ಕಾರಣ ಕತ್ತರಿಸಿದಾಗ ತೆರೆದುಕೊಂಡ ನಾರಿನ ತುದಿಗಳು. ಕತ್ತರಿಸಿದ ಕೂಡಲೇ ಅಂಚಿಗೆ ರಾಳ ಸವರಿ ಮುಚ್ಚಿ. ಮುಂದಿನ ಪರೀಕ್ಷೆಯಲ್ಲಿ ಬರಿಯ ರಾಳದ ತುಂಡನ್ನೂ ಜೊತೆಗಿಟ್ಟು, ಒಣಗಿದ್ದಾಗ ಮತ್ತು ನೆನೆದಾಗ ಎರಡೂ ಸಲ ಎಳೆದು ನೋಡಿ.